ಮೇರೆ ಮೀರಿದ ಬೇಸಿಗೆ ಮತ್ತು ಋತುಚರ್ಯೆ

ಬೆಳಗಾವಿಯು ತಂಪಿನ ಊರೆಂದು ಹಿಂದಿನಿಂದಲೂ ಹೆಸರಾದುದು. ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರ, ನೆರೆಯಲ್ಲಿಯೇ ಖಾನಾಪುರದ ದಟ್ಟ ಕಾಡು, ಸಂಜೆಯಾಗುತ್ತಲೇ ಘಟ್ಟದ ಕಡೆಯಿಂದ ಬೀಸುವ ಗಾಳಿ. ಸುಮಾರು ನಾಲ್ಕು ದಶಕಗಳ ಹಿಂದೆ ನಾವು ಟಿಳಕವಾಡಿಯಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದಾಗ ಹೆಂಚಿನ ಮನೆಯೊಂದರ ಪಡಸಾಲೆಯೇ ನಮ್ಮ ಚಿಕಿತ್ಸಾಲಯವಾಗಿತ್ತು. ಅಲ್ಲಿ ಬೀಸಣಿಗೆಯ ಯಂತ್ರವಿರಲಿಲ್ಲ. ಅದರ ಅಗತ್ಯವೂ ಕಾಣುತ್ತಿರಲಿಲ್ಲ. ಚೈತ್ರಮಾಸದಲ್ಲಿ ಎರಡು ದಿನ ಧಗೆಯಾದರೆ ಮೂರನೆಯ ದಿನ ಗುಡುಗುಸಹಿತವಾಗಿ ಅಡ್ಡಮಳೆ ಸುರಿದು ನೆಲವನ್ನು ತಣಿಸುತ್ತಿತ್ತು. ಇಂದು ಅದೇ ಬೀದಿಯಲ್ಲಿ ಹೆಂಚಿನ ಮನೆಗಳನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದು. ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು ರಾತ್ರಿಯೆಲ್ಲ ಆ ತಾಪವನ್ನು ಹೊರಚೆಲ್ಲುತ್ತದೆ. ಮೊದಲನೆಯ ರೈಲ್ವೆ ಗೇಟಿನಿಂದ ಮೂರನೆಯ ಗೇಟಿನವರೆಗೆ ನಡೆದು ಹೋಗುವವರು ನೆರಳಿಗಾಗಿ ಹುಡುಕಬೇಕು. ವ್ಯಾಕ್ಸಿನ್ ಡಿಪೋದ ಹಳೆಯ ಮರಗಳ ಬಳಿಗೆ ಬಂದಾಗ ಮಾತ್ರ ಹಿಂದಿನ ಬೆಳಗಾವಿಯ ನೆನಪಾಗುವುದು.

ಈ ಲೇಖನವನ್ನು ಬರೆಯಲು ನಮಗೆ ಪ್ರೇರಣೆಯಾದದ್ದು ನಮ್ಮದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳ ಕೊನೆಯ ವಾರ. ಖಾನಾಪುರ ತಾಲೂಕಿನ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ, ಮೂವತ್ತೈದರ ಆಸುಪಾಸಿನ ತರುಣನೊಬ್ಬನನ್ನು ಅವನ ಸಂಗಡಿಗರು ಟಂಟಂ ಗಾಡಿಯಲ್ಲಿ ಕರೆತಂದರು. ಅವನ ಮಾತು ತೊದಲುತ್ತಿತ್ತು, ತಾನೆಲ್ಲಿದ್ದೇನೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಕುಡಿದಿರಬಹುದೆಂದು ಒಬ್ಬರು, ಗಾಳಿ ಸೋಕಿದೆಯೆಂದು ಇನ್ನೊಬ್ಬರು ಹೇಳಿದರು. ಅಂಗಿಯು ಬೆವರಿನಿಂದ ತೊಯ್ದಿತ್ತು. ಬಿಸಿಲಾಘಾತವಾದವನ ಚರ್ಮವು ಒಣಗಿರಬೇಕೆಂದು ನಾವು ವಿದ್ಯಾರ್ಥಿದೆಸೆಯಲ್ಲಿ ಕಲಿತದ್ದು. ಆದ್ದರಿಂದ ಇದು ಬಿಸಿಲಾಘಾತವಲ್ಲ, ಪಿತ್ತಜ್ವರವೆಂದು ಬಗೆದು ನಾಡಿ ಹಿಡಿದು ಕುಳಿತೆವು. ತಾಪಮಾಪಕವನ್ನಿಟ್ಟು ನೋಡುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಅದು 106 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಆಮೇಲೆ ಕೊಡಗಟ್ಟಲೆ ನೀರು ಸುರಿದದ್ದು, ಆಸ್ಪತ್ರೆಗೆ ಸಾಗಿಸಿದ್ದು ಎಲ್ಲವೂ ನಡೆಯಿತು. ಅವನು ಬದುಕಿದನು, ಆದರೆ ಮೂತ್ರಪಿಂಡಗಳು ಚೇತರಿಸಿಕೊಳ್ಳಲು ಆರು ವಾರಗಳು ಬೇಕಾದವು. ಅಷ್ಟೂ ದಿನ ಅವನ ಮನೆಯಲ್ಲಿ ಕೂಲಿಯಿಲ್ಲ. ಆ ಇಪ್ಪತ್ತು ನಿಮಿಷಗಳು ನಮ್ಮ ಲೆಕ್ಕಕ್ಕೆ ಸೇರಿದವು. ಬಿಸಿಲಿನಲ್ಲಿ ಮೈಮುರಿದು ದುಡಿಯುವವನಿಗೆ ಬೆವರು ಹರಿಯುತ್ತಿರುವಾಗಲೇ ಬಿಸಿಲಾಘಾತವಾಗಬಲ್ಲದು ಎಂಬುದನ್ನು ನಾವು ಕಲಿತದ್ದು ಹೀಗೆ.

ಮರುದಿನ ಪತ್ರಿಕೆಯನ್ನು ನೋಡಿದರೆ ಹಿಂದಿನ ದಿನದ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮಾತ್ರ. ಬಿಸಿಗಾಳಿಯ ಎಚ್ಚರಿಕೆ ಎಲ್ಲಿಯೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿಯನ್ನಾದರೂ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಏರಿದಾಗ ಅದು ಬಿಸಿಗಾಳಿ ಎನಿಸುತ್ತದೆ. ಕಲಬುರಗಿ, ರಾಯಚೂರುಗಳ ಜನರಿಗೆ 37 ಡಿಗ್ರಿ ಎಂದರೆ ನಿತ್ಯದ ಮಾತು. ಅವರ ಮನೆ, ಉಡುಗೆ, ದುಡಿಮೆಯ ವೇಳೆ ಎಲ್ಲವೂ ಅದಕ್ಕೆ ಹೊಂದಿಕೊಂಡಿವೆ. ನಮ್ಮ ಬೆಳಗಾವಿ–ಖಾನಾಪುರದವರ ದೇಹವು ಆ ತಾಪಕ್ಕೆ ಪಳಗಿದುದಲ್ಲ. ಹೀಗಾಗಿ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ನಮ್ಮಲ್ಲಿ ಅಪಾಯವು ಮನೆ ಹೊಕ್ಕಿರುತ್ತದೆ.

ಇಲ್ಲಿ ಋತುಸಂಧಿಯ ವಿಚಾರವನ್ನು ನೆನೆಯಬೇಕು. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ, ಒಟ್ಟು ಹದಿನಾಲ್ಕು ದಿನಗಳಲ್ಲಿ ಹಳೆಯ ಆಹಾರವಿಹಾರವನ್ನು ಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲನೆ ಹಿಡಿಯಬೇಕೆಂದು ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯಾ ಅಧ್ಯಾಯದಲ್ಲಿ ವಿಧಿಸಿದ್ದಾನೆ. ತಾಪಕ್ಕೆ ದೇಹವು ಒಗ್ಗಲು, ಅಂದರೆ ಬೇಗ ಬೆವರಲು ಮತ್ತು ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳಲು ಕಲಿಯುವುದಕ್ಕೆ, ಒಂದರಿಂದ ಎರಡು ವಾರಗಳು ಬೇಕೆಂದು ಇಂದಿನ ಶರೀರಕ್ರಿಯಾಶಾಸ್ತ್ರವೂ ಹೇಳುತ್ತದೆ. ಎರಡೂ ಲೆಕ್ಕಗಳು ಹೀಗೆ ಸಮೀಪಿಸುವುದು ನಮಗೆ ಸೋಜಿಗದ ಸಂಗತಿ. ಆದರೆ ಈಗ ಬೇಸಿಗೆಯು ಆ ಹದಿನಾಲ್ಕು ದಿನಗಳನ್ನು ಕೊಡುವುದಿಲ್ಲ. 1901ರಿಂದ ಲೆಕ್ಕವಿಟ್ಟ ಭಾರತದ ಫೆಬ್ರುವರಿಗಳಲ್ಲಿ 2023ರದ್ದು ಅತಿ ಬಿಸಿಯೆನಿಸಿತ್ತು. 2025ರ ಫೆಬ್ರುವರಿ ಅದನ್ನೂ ಹಿಂದಿಕ್ಕಿತು. ಶಿಶಿರದ ಕಂಬಳಿಯನ್ನು ಮಡಿಚಿಡುವ ಮೊದಲೇ ಗ್ರೀಷ್ಮವು ಬಾಗಿಲು ಬಡಿದರೆ ದೇಹವು ಸಿದ್ಧವಾಗುವುದೆಂತು? ಮಾರ್ಚ್ ಕೊನೆಯ ವಾರದಲ್ಲಿ ಆ ತರುಣನು ಬಿದ್ದುದಕ್ಕೂ ಇದೇ ಕಾರಣವೆಂದು ನಮ್ಮ ಊಹೆ. ಅವನು ಭಟ್ಟಿಯ ಕೆಲಸಕ್ಕೆ ಸೇರಿ ನಾಲ್ಕೇ ದಿನಗಳಾಗಿದ್ದವು.

ಋತುಗಳು ಕೆಡುವುದನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಪಾಂಚಾಲದ ಕಾಂಪಿಲ್ಯ ನಗರದ ಬಳಿ, ಬೇಸಿಗೆಯ ಕೊನೆಯ ತಿಂಗಳಲ್ಲಿ, ಗಂಗಾತೀರದ ವನದಲ್ಲಿ ನಡೆಯುತ್ತ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಈ ಪಾಠವನ್ನು ಹೇಳುತ್ತಾನೆ. ಜನರ ಪ್ರಕೃತಿ, ಆಹಾರ, ವಯಸ್ಸು ಬೇರೆ ಬೇರೆಯಾಗಿದ್ದರೂ ನಾಡಿಗೆ ನಾಡೇ ಏಕಕಾಲದಲ್ಲಿ ರೋಗಕ್ಕೆ ತುತ್ತಾಗುವುದೇಕೆ ಎಂಬುದು ಪ್ರಶ್ನೆ. ಗಾಳಿ, ನೀರು, ನೆಲ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಅವು ಕೆಟ್ಟರೆ ಯಾರೂ ಪಾರಾಗಲಾರರು ಎಂಬುದು ಉತ್ತರ. ಕೆಟ್ಟ ಗಾಳಿಗಿಂತ ಕೆಟ್ಟ ನೀರು, ಅದಕ್ಕಿಂತ ಕೆಟ್ಟ ನೆಲ, ಎಲ್ಲಕ್ಕಿಂತ ಕೆಟ್ಟ ಕಾಲವು ತಪ್ಪಿಸಿಕೊಳ್ಳಲು ಕಠಿಣವಾದುದೆಂದು ಆತ್ರೇಯನು ಕ್ರಮ ಹೇಳುತ್ತಾನೆ. ಊರು ಬಿಟ್ಟು ಹೋಗಬಹುದು, ಋತುವನ್ನು ಬಿಟ್ಟು ಎಲ್ಲಿಗೆ ಹೋಗುವುದು? ಈ ಕೇಡಿನ ಬೇರನ್ನು ಅವನು ಪ್ರಜ್ಞಾಪರಾಧದಲ್ಲಿ, ಅಂದರೆ ತಿಳಿದೂ ತಪ್ಪು ನಡೆಯುವ ಮನುಷ್ಯನ ಬುದ್ಧಿದೋಷದಲ್ಲಿ ಕಾಣುತ್ತಾನೆ. ಇಂದಿನ ಹವಾಮಾನ ವಿಜ್ಞಾನವನ್ನು ಚರಕನು ಅಂದೇ ಹೇಳಿದ್ದನೆಂದು ಕೆಲವರು ಭಾಷಣ ಮಾಡುವುದುಂಟು. ನಾವು ಹಾಗೆ ಹೇಳಲಾರೆವು. ಇಂಗಾಲದ ಲೆಕ್ಕ ಅವನಿಗೆ ತಿಳಿದಿರಲಿಲ್ಲ. ಆದರೆ ಪ್ರಶ್ನೆಯನ್ನು ಕೇಳುವ ಬಗೆ ತಿಳಿದಿತ್ತು.

ಆ ಲೆಕ್ಕವು ಹೀಗಿದೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡು ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳನ್ನು ಉರಿಸಿದ್ದು ಮತ್ತು ಕಾಡು ಕಡಿದದ್ದು ಇದಕ್ಕೆ ಮುಖ್ಯ ಕಾರಣ. ಈ ಅನಿಲವು ಭೂಮಿಯ ತಾಪವನ್ನು ಹೊರಬಿಡದೆ ಹೊದಿಕೆಯಂತೆ ತಡೆಹಿಡಿಯುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಗಣನೆಯಂತೆ 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಾಗಿತ್ತು. ದಾಖಲೆಯಲ್ಲಿರುವ ವರ್ಷಗಳಲ್ಲಿ ಅದೇ ಅತಿ ಬಿಸಿಯಾದುದು. ಒಂದೂವರೆ ಡಿಗ್ರಿಯೇನು ಮಹಾ ಎಂದು ಭಕ್ತರೊಬ್ಬರು ನಮ್ಮನ್ನು ಕೇಳಿದ್ದರು. ಮನುಷ್ಯನ ಮೈಗೆ ಒಂದೂವರೆ ಡಿಗ್ರಿ ಸೆಲ್ಸಿಯಸ್ ಸೇರಿದರೆ 98.6 ಇದ್ದುದು 101.3 ಫ್ಯಾರನ್‌ಹೀಟ್ ಆಗುತ್ತದೆ. ಆಗ ನಾವು ಕೆಲಸ ಬಿಟ್ಟು ಮಲಗುತ್ತೇವೆ.

ಹಾಗೆಂದು ಪ್ರತಿಯೊಂದು ಬಿಸಿ ದಿನವನ್ನೂ ಇದರ ತಲೆಗೆ ಕಟ್ಟುವುದು ಸರಿಯಲ್ಲ. 2023ರಲ್ಲಿ ಪೆಸಿಫಿಕ್ ಸಾಗರದ ಎಲ್ ನಿನೊ ಎಂಬ ನೈಸರ್ಗಿಕ ವಿದ್ಯಮಾನವೂ ಸೇರಿ ಮುಂಗಾರು ಸೊರಗಿತು. ರಾಜ್ಯ ಸರಕಾರವು 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು, ಮುಂದಿನ ಬೇಸಿಗೆಯು ಅಸಹನೀಯವಾಯಿತು. ಎಲ್ ನಿನೊ ಹಿಂದೆಯೂ ಬರುತ್ತಿತ್ತು. ವ್ಯತ್ಯಾಸವೆಂದರೆ ಈಗ ಅದು ಮೊದಲೇ ಜ್ವರವಿರುವ ದೇಹದ ಮೇಲೆ ಬಂದೆರಗುತ್ತಿದೆ. 2022ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳನ್ನು ಬೇಯಿಸಿದ ತಾಪವು ಹವಾಮಾನ ಬದಲಾವಣೆಯಿಂದಾಗಿ ಸುಮಾರು 30 ಪಟ್ಟು ಹೆಚ್ಚು ಸಂಭವನೀಯವಾಯಿತೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಗಣಿಸಿದೆ. ಬಿಸಿಯಾದ ಗಾಳಿಯು ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಅದಕ್ಕಾಗಿಯೇ ಬರವೂ ನೆರೆಯೂ ಒಂದೇ ಮನೆಯ ಮಕ್ಕಳಾಗಿವೆ. ನಮ್ಮ ಜಿಲ್ಲೆಯವರಿಗೆ 2019 ಮರೆಯದು: ಮೇ ತಿಂಗಳಲ್ಲಿ ಚಿಕ್ಕೋಡಿ, ಅಥಣಿಯ ಕಡೆ ಕೃಷ್ಣೆಯ ಪಾತ್ರ ಬತ್ತಿ ಕುಡಿಯುವ ನೀರಿಗೆ ಹಾಹಾಕಾರ; ಆಗಸ್ಟ್‌ನಲ್ಲಿ ಅದೇ ಊರುಗಳು ಜಲಾವೃತ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನಮ್ಮ ಮಲಪ್ರಭೆಯೂ ಆ ವರ್ಷ ದಡ ಮೀರಿ ಹರಿದಳು.

ಇನ್ನು ಆಚರಣೆಯ ಮಾತು. ಉತ್ತರಾಯಣದ ಮೂರು ಋತುಗಳಿಗೆ ಆದಾನಕಾಲವೆಂದು ಹೆಸರು. ಸೂರ್ಯನು ಭೂಮಿಯ ಹಾಗೂ ಜೀವಿಗಳ ಸಾರವನ್ನು ಹೀರುವ ಕಾಲವದು. ಗ್ರೀಷ್ಮದ ಕೊನೆಗೆ ದೇಹಬಲವೂ ಜಠರಾಗ್ನಿಯೂ ಕುಗ್ಗಿರುತ್ತವೆ. ಬೇಸಿಗೆಯಲ್ಲಿ ಕೆರಳುವುದು ಪಿತ್ತವೆಂದು ಬಹುಜನರು ತಿಳಿದಿರುವರು. ಶಾಸ್ತ್ರದಂತೆ ಗ್ರೀಷ್ಮದಲ್ಲಿ ಸಂಚಯವಾಗುವುದು ವಾತ. ಅದು ಮಳೆಗಾಲದಲ್ಲಿ ಕೆರಳುತ್ತದೆ. ಆದ್ದರಿಂದ ತಂಪಿನ ಜೊತೆಗೆ ಜಿಡ್ಡು, ದ್ರವ, ಲಘು ಆಹಾರವೂ ಬೇಕು. ಗ್ರಂಥಗಳಲ್ಲಿ ಗ್ರೀಷ್ಮಕ್ಕೆ ಜ್ಯೇಷ್ಠ, ಆಷಾಢವೆಂದಿದ್ದರೂ ಅಷ್ಟರೊಳಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಮಾಸವನ್ನಲ್ಲ, ಲಕ್ಷಣವನ್ನು ನೋಡಿ ನಡೆಯಬೇಕು. ಈಗಂತೂ ಫೆಬ್ರುವರಿ ಕೊನೆಯಿಂದಲೇ ಆರಂಭಿಸುವುದು ಲೇಸು. ಜೋಳದ ನುಚ್ಚು ಮಜ್ಜಿಗೆ, ರಾಗಿ ಅಂಬಲಿ, ಹೆಸರುಬೇಳೆ, ಖಾನಾಪುರದ ಕಡೆಯ ಕೋಕಂ ಪಾನಕ, ಹುರಿಹಿಟ್ಟನ್ನು ನೀರು ಬೆಲ್ಲದಲ್ಲಿ ಕದಡಿದ ಮಂಥ ಇವು ಹಿತಕರ. ಖಾರವನ್ನೂ ಕರಿದದ್ದನ್ನೂ ತಗ್ಗಿಸಬೇಕು. ಹಗಲುನಿದ್ದೆಗೆ ಚರಕನು ಒಪ್ಪಿಗೆ ಕೊಟ್ಟಿರುವುದು ಈ ಒಂದು ಋತುವಿನಲ್ಲಿ ಮಾತ್ರ, ಸಂಕೋಚವಿಲ್ಲದೆ ಮಲಗಿರಿ.

ಒಂದು ವಿಷಯದಲ್ಲಿ ಮಾತ್ರ ಗ್ರಂಥದ ಮಾತನ್ನು ವಿವೇಚಿಸಿ ನಡೆಯಬೇಕು. ಗ್ರೀಷ್ಮದಲ್ಲಿ ಲವಣರಸವನ್ನು ಕಡಿಮೆ ಮಾಡಬೇಕೆಂದಿದೆ. ನೆರಳಿನಲ್ಲಿ ಕುಳಿತು ಉಣ್ಣುವವರಿಗೆ ಇದು ತಕ್ಕುದು. ಹೊಲದಲ್ಲಿ, ಭಟ್ಟಿಯಲ್ಲಿ, ರಸ್ತೆ ಕೆಲಸದಲ್ಲಿ ಬೆವರು ಸುರಿಸುವ ಕಾಯಕಜೀವಿಯು ನೀರಿನೊಂದಿಗೆ ಉಪ್ಪನ್ನೂ ಕಳೆದುಕೊಳ್ಳುತ್ತಾನೆ. ಅವನಿಗೆ ಉಪ್ಪು ಹಾಕಿದ ಮಜ್ಜಿಗೆಯನ್ನು, ಇಲ್ಲವೇ ಒಂದು ಲೀಟರು ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿದ ಪಾನಕವನ್ನು ಕೊಡಬೇಕು. ಹೊಸದಾಗಿ ಕೆಲಸಕ್ಕೆ ಬಂದವನಿಗೆ ಮೊದಲ ವಾರ ಅರ್ಧ ಹೊರೆಯಷ್ಟೇ ಹೊರಿಸಬೇಕು. ಭಟ್ಟಿ, ಗುತ್ತಿಗೆ ನಡೆಸುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ, ಅವರಿಗೆ ಈ ಮಾತು. ವೃದ್ಧರಿಗೆ ಬಾಯಾರಿಕೆಯೇ ತಿಳಿಯುವುದಿಲ್ಲವಾದ್ದರಿಂದ ಗಂಟೆಗೊಮ್ಮೆ ಮನೆಯವರೇ ನೀರು ಕೊಡಬೇಕು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವವರು ಮತ್ತು ಹೃದಯ, ಮೂತ್ರಪಿಂಡಗಳ ರೋಗಿಗಳು ಗುಳಿಗೆಯನ್ನು ತಾವಾಗಿ ನಿಲ್ಲಿಸದೆ, ಬೇಸಿಗೆಗೆ ಮುನ್ನ ತಮ್ಮ ವೈದ್ಯರಲ್ಲಿ ನೀರು, ಉಪ್ಪು, ಗುಳಿಗೆಗಳ ಪ್ರಮಾಣವನ್ನು ಕೇಳಿಕೊಳ್ಳಬೇಕು.

ಮಣ್ಣಿನ ಹರವಿಯನ್ನು ಗಮನಿಸಿರಿ. ಅದರ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ತಾಪವನ್ನು ಒಯ್ಯುವುದರಿಂದ ಒಳಗಿನ ನೀರು ತಂಪಾಗುತ್ತದೆ. ನಮ್ಮ ದೇಹವೂ ಅಂಥದೇ ಹರವಿ. ಬೆವರು ಆರಿದರೆ ಮಾತ್ರ ಮೈ ತಣಿಯುವುದು. ಗಾಳಿಯಲ್ಲಿ ತೇವ ತುಂಬಿರುವ ಮೇ ತಿಂಗಳ ದಿನಗಳಲ್ಲಿ ಹರವಿಯ ನೀರು ತಂಪಾಗದಿದ್ದರೆ, ಬೆವರೂ ಆರುತ್ತಿಲ್ಲವೆಂದು ತಿಳಿಯಬೇಕು. ಅಂದು ಉಷ್ಣಾಂಶದ ಅಂಕಿ 35 ಇದ್ದರೂ ದುಡಿಮೆಯನ್ನು ತಗ್ಗಿಸಬೇಕು.

ಬಿಸಿಲಿನಲ್ಲಿದ್ದವರು ತೊದಲಿದರೆ, ದಿಕ್ಕು ತಪ್ಪಿದವರಂತೆ ವರ್ತಿಸಿದರೆ, ಪ್ರಜ್ಞೆ ಕಳೆದುಕೊಂಡರೆ ಬೆವರಿದೆಯೋ ಇಲ್ಲವೋ ಎಂದು ನೋಡುತ್ತ ನಿಲ್ಲಬೇಡಿರಿ. 108ಕ್ಕೆ ಕರೆ ಮಾಡಿಸಿರಿ. ವಾಹನ ಬರುವವರೆಗೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿರಿ. ಕತ್ತು, ಕಂಕುಳು, ತೊಡೆಸಂದಿಗಳಲ್ಲಿ ಮಂಜುಗಡ್ಡೆ ಅಥವಾ ತಣ್ಣನೆಯ ಒದ್ದೆ ಬಟ್ಟೆ ಇಡಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಈರುಳ್ಳಿ ಮೂಸಿಸುವುದು, ಜ್ವರದ ಗುಳಿಗೆ ಕೊಡುವುದು ಇವುಗಳಿಂದ ಪ್ರಯೋಜನವಿಲ್ಲ. ನಮ್ಮ ಯಾವ ಕಷಾಯದಿಂದಲೂ ಇಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸುವುದೇ ಚಿಕಿತ್ಸೆ.

ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು, ಬಿಸಿಲು ಏರಿದ ಕಾಲದಲ್ಲಿಯೇ ಬರುತ್ತದೆ. ಮೆರವಣಿಗೆಯನ್ನು ಬೆಳಗಿನ ಒಂಬತ್ತರೊಳಗೆ ಮುಗಿಸುವುದು ಅಥವಾ ಸಂಜೆ ಐದರ ನಂತರ ಹೊರಡಿಸುವುದು ಒಳಿತೆಂದು ನಾವು ಶ್ರೀಮಠದ ಸೇವಾಸಮಿತಿಯವರಲ್ಲಿ ವಿನಂತಿಸಿದ್ದೇವೆ. ದಾರಿಯಲ್ಲಿ ಅರವಟ್ಟಿಗೆಗಳನ್ನು ಇಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಹಳೆಯದು. ಈ ಸಲ ಪ್ರತಿ ಅರವಟ್ಟಿಗೆಯಲ್ಲಿ ಕುಡಿಯುವ ನೀರು, ಉಪ್ಪಿನ ಮಜ್ಜಿಗೆಗಳ ಪಕ್ಕದಲ್ಲಿ ಎರಡು ಕೊಡ ತಣ್ಣೀರು, ನಾಲ್ಕು ಪಂಚೆ, ಒಂದು ತಾಪಮಾಪಕ ಇರಲಿ. ತಾಪಮಾಪಕಗಳನ್ನು ನಾವು ಒದಗಿಸುವೆವು.