ಮಾತಿನ ಹಕ್ಕು, ಮಾತಿನ ಹೊಣೆ
ಹಿರಿಯ ತರಗತಿಯ ಮಕ್ಕಳು ಪೋಷಕರೊಂದಿಗೆ ಕೂತು ಓದಬೇಕಾದ ಪಾಠ



"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬಾಯಿಂದ ಆಡಿದ ಮಾತಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ಅಚ್ಚಾಗಿ ಸಾವಿರಾರು ಮನೆಗಳಿಗೆ ಹೋಗುವ ಮಾತಿಗೆ ಎಷ್ಟು ಎಚ್ಚರಿಕೆ ಬೇಕು? ಪತ್ರಿಕೆ, ಪುಸ್ತಕ, ಸಿನಿಮಾಗಳಿಗೆ ಧರ್ಮದ ವಿಷಯದಲ್ಲಿ ಏನು ಬೇಕಾದರೂ ಹೇಳುವ ಹಕ್ಕಿದೆಯೇ? ಹೇಳಿದ ಮಾತಿನಿಂದ ನಮ್ಮ ನಂಬಿಕೆಗೆ ನೋವಾದರೆ ನಾವು ಏನು ಮಾಡಬೇಕು?

ಈ ಪ್ರಶ್ನೆಗೆ ನಮ್ಮ ಮಕ್ಕಳು ಎರಡು ಉತ್ತರಗಳನ್ನು ಕೇಳಿ ಬೆಳೆಯುತ್ತಾರೆ. ವಾರದ ದಿನಗಳಲ್ಲಿ ಶಾಲೆಯಲ್ಲಿ ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯ ಪಾಠ ನಡೆಯುತ್ತದೆ. ಮನೆಯಲ್ಲಿ ಭಾರತದ ಸುದ್ದಿ ಬಂದಾಗ ಪುಸ್ತಕ ನಿಷೇಧ, ಪ್ರತಿಭಟನೆ, ಮೊಕದ್ದಮೆಗಳ ಮಾತು ಕೇಳಿಸುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಪಾಠದ ಉದ್ದೇಶ.

1. ಮೊದಲು ಪದಗಳನ್ನು ತಿಳಿಯೋಣ

ನಾವು ಭಾಷೆಯ ಶಿಕ್ಷಕರು. ಆದ್ದರಿಂದ ಪದಗಳಿಂದಲೇ ಆರಂಭಿಸುತ್ತೇವೆ. ನಮ್ಮ ಮನೆಗಳಲ್ಲಿ ನಡೆಯುವ ಏಕಾದಶಿ ಉಪವಾಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

"ಏಕಾದಶಿಯ ದಿನ ಉಪವಾಸ ಏಕೆ ಮಾಡುತ್ತಾರೆ?" ಇದು ಪ್ರಶ್ನೆ.
"ಅನ್ನ ಬಿಟ್ಟು ತಟ್ಟೆ ತುಂಬ ಸಬ್ಬಕ್ಕಿ ಉಪ್ಪಿಟ್ಟು ತಿಂದರೆ ಅದು ಉಪವಾಸವಾಗುವುದಿಲ್ಲ." ಇದು ವಿಮರ್ಶೆ. ಸ್ವಲ್ಪ ಚುಚ್ಚುತ್ತದೆ, ಆದರೂ ವಿಮರ್ಶೆಯೇ.
"ಉಪವಾಸ ಮಾಡುವವರೆಲ್ಲ ದಡ್ಡರು." ಇದು ನಿಂದೆ.
"ಉಪವಾಸ ಮಾಡುವವರನ್ನು ಈ ಬೀದಿಯಿಂದ ಓಡಿಸಬೇಕು." ಇದು ದ್ವೇಷದ ಮಾತು, ಬೆದರಿಕೆ.

ಮಕ್ಕಳೇ, ಗಮನಿಸಿ. ಮೊದಲ ಎರಡು ವಾಕ್ಯಗಳು ಒಂದು ಆಚರಣೆಯನ್ನು ಕುರಿತವು. ಕೊನೆಯ ಎರಡು ವಾಕ್ಯಗಳು ಜನರನ್ನು ಕುರಿತವು. ಆಚರಣೆಯನ್ನು ಪ್ರಶ್ನಿಸಿದರೆ ಯಾರಾದರೂ ಕಾರಣ ಹೇಳಿ ಉತ್ತರಿಸಬಹುದು. "ದಡ್ಡರು" ಎಂದವರಿಗೆ ಯಾವ ಕಾರಣ ಹೇಳುವುದು? ನಿಂದೆ ಮಾತುಕತೆಯ ಬಾಗಿಲನ್ನು ಮುಚ್ಚುತ್ತದೆ. ಈ ವ್ಯತ್ಯಾಸ ನೆನಪಿದ್ದರೆ ಪಾಠದ ಅರ್ಧ ಭಾಗ ಮುಗಿದಂತೆ.

2. ಕನ್ನಡ ನಾಡು ನಡೆದು ಬಂದ ದಾರಿ

ಪರಧರ್ಮ ಸಹನೆ ಎಂಬುದು ಹೊರಗಿನಿಂದ ನಮಗೆ ಬಂದ ವಿಚಾರವಲ್ಲ. 9ನೆಯ ಶತಮಾನದ 'ಕವಿರಾಜಮಾರ್ಗ' ಗ್ರಂಥವೇ ಬೇರೆಯವರ ವಿಚಾರವನ್ನೂ ಬೇರೆಯವರ ಧರ್ಮವನ್ನೂ ಸೈರಿಸುವುದು ನಿಜವಾದ ಸಂಪತ್ತು ಎಂಬ ಅರ್ಥದ ಮಾತನ್ನು ಹೇಳುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಎದ್ದಾಗ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಆ ಶಾಸನ ಶ್ರವಣಬೆಳಗೊಳದಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಬೆಟ್ಟ ಹತ್ತುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗೆಂದು ನಮ್ಮ ಹಿರಿಯರು ಧರ್ಮದ ವಿಷಯದಲ್ಲಿ ಬಾಯಿ ಮುಚ್ಚಿ ಕುಳಿತವರಲ್ಲ. 12ನೆಯ ಶತಮಾನದ ವಚನಕಾರರು ಡಾಂಭಿಕ ಪೂಜೆಯನ್ನೂ ಜಾತಿ ಭೇದವನ್ನೂ ನೇರವಾಗಿ ಖಂಡಿಸಿದರು. ಪುರಂದರದಾಸರು, ಕನಕದಾಸರು ತೋರಿಕೆಯ ಭಕ್ತಿಯನ್ನು ಹಾಸ್ಯ ಮಾಡಿದರು. ಅವರೆಲ್ಲರೂ ಭಕ್ತರು. ಭಕ್ತಿ ಮತ್ತು ವಿಮರ್ಶೆ ಒಂದೇ ಮನೆಯಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

3. ನಮ್ಮ ನೆರೆಯ ವರ್ಜೀನಿಯಾದ ಕಥೆ

ಆಲ್ಡಿಯ ಸಮೀಪದ ಓಕ್ ಹಿಲ್, ಅಮೆರಿಕದ 5ನೆಯ ಅಧ್ಯಕ್ಷ ಜೇಮ್ಸ್ ಮನ್ರೋ ಅವರ ಮನೆಯಾಗಿತ್ತು. ಅವರೂ, ಅವರ ಮಿತ್ರರಾದ ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ ಅವರೂ ವರ್ಜೀನಿಯಾದವರೇ. ಅವರ ಯೌವನದ ಕಾಲದಲ್ಲಿ ಇಲ್ಲಿ ಧರ್ಮ ಸ್ವಾತಂತ್ರ್ಯ ಇರಲಿಲ್ಲ. ಸರ್ಕಾರದ ಮನ್ನಣೆ ಪಡೆದ ಚರ್ಚು ಒಂದೇ. ಪರವಾನಗಿ ಇಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಪಾದ್ರಿಗಳನ್ನು ಜೈಲಿಗೆ ಹಾಕುತ್ತಿದ್ದರು. ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಕಲ್ಪೆಪರ್ ಜೈಲಿನಲ್ಲಿ 1769-70ರಲ್ಲಿ ಜೇಮ್ಸ್ ಐರ್ಲೆಂಡ್ ಎಂಬ ಪಾದ್ರಿ ಸೆರೆಯಲ್ಲಿದ್ದರು. ಅವರು ಜೈಲಿನ ಕಿಟಕಿಯ ಸರಳುಗಳ ಹಿಂದೆ ನಿಂತೇ ಹೊರಗಿನ ಜನರಿಗೆ ಉಪದೇಶ ಮಾಡುತ್ತಿದ್ದರು.

ಇಂತಹ ಅನ್ಯಾಯಗಳನ್ನು ಕಂಡ ಜೆಫರ್ಸನ್ 1777ರಲ್ಲಿ ಒಂದು ಕಾನೂನಿನ ಕರಡು ಬರೆದರು. ಮ್ಯಾಡಿಸನ್ ಅವರ ಪ್ರಯತ್ನದಿಂದ ಅದು 1786ರ ಜನವರಿಯಲ್ಲಿ ವರ್ಜೀನಿಯಾದ ಶಾಸನವಾಯಿತು. ಯಾರನ್ನೂ ಪೂಜೆಗೆ ಬಲವಂತ ಮಾಡಬಾರದು, ನಂಬಿಕೆಗಾಗಿ ಯಾರನ್ನೂ ಶಿಕ್ಷಿಸಬಾರದು, ಪ್ರತಿಯೊಬ್ಬರೂ ತಮ್ಮ ಮತವನ್ನು ವಾದದಿಂದ ಎತ್ತಿ ಹಿಡಿಯಬಹುದು ಎಂಬುದು ಅದರ ಸಾರ. 'ವಾದದಿಂದ' ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. 1791ರಲ್ಲಿ ಬಂದ ಮೊದಲನೆಯ ತಿದ್ದುಪಡಿ ಧರ್ಮ, ಮಾತು, ಪತ್ರಿಕೆಗಳ ಸ್ವಾತಂತ್ರ್ಯವನ್ನು ಒಂದೇ ವಾಕ್ಯದಲ್ಲಿ ಕಟ್ಟಿತು.

ಆ ವಾಕ್ಯದ ಬಲ ಎಷ್ಟು ಎಂಬುದು 1940ರ ಕ್ಯಾಂಟ್‌ವೆಲ್ ಮೊಕದ್ದಮೆಯಲ್ಲಿ ಕಾಣುತ್ತದೆ. ಕನೆಕ್ಟಿಕಟ್‌ನ ಒಂದು ಬೀದಿಯಲ್ಲಿ ಕ್ಯಾಂಟ್‌ವೆಲ್ ಎಂಬಾತ ಕ್ಯಾಥೊಲಿಕ್ ಧರ್ಮವನ್ನು ಟೀಕಿಸುವ ಗ್ರಾಮಫೋನ್ ರೆಕಾರ್ಡನ್ನು ಇಬ್ಬರು ಕ್ಯಾಥೊಲಿಕರಿಗೇ ಕೇಳಿಸಿದ. ಅವರಿಗೆ ಸಿಟ್ಟು ಬಂತು. ಅವನಿಗೆ ಶಿಕ್ಷೆಯೂ ಆಯಿತು. ಸುಪ್ರೀಂ ಕೋರ್ಟು ಸರ್ವಾನುಮತದಿಂದ ಆ ಶಿಕ್ಷೆಯನ್ನು ತಳ್ಳಿಹಾಕಿತು. ಕ್ಯಾಂಟ್‌ವೆಲ್ ನಾಸ್ತಿಕನಲ್ಲ, ತನ್ನ ಧರ್ಮವನ್ನು ಸಾರಲು ಹೊರಟಿದ್ದವನು. ಮಾತಿನ ಸ್ವಾತಂತ್ರ್ಯ ಟೀಕಾಕಾರರನ್ನಷ್ಟೇ ಅಲ್ಲ, ಆಸ್ತಿಕರನ್ನೂ ಕಾಯುತ್ತದೆ. ಆದರೆ ಇಲ್ಲಿಯೂ ಮಿತಿ ಇಲ್ಲದಿಲ್ಲ. ಜನರನ್ನು ಹೆದರಿಸುವ ಉದ್ದೇಶದಿಂದ ಶಿಲುಬೆ ಸುಡುವುದನ್ನು ಶಿಕ್ಷಿಸಬಹುದು ಎಂದು ಅದೇ ಕೋರ್ಟು 2003ರಲ್ಲಿ ವರ್ಜೀನಿಯಾದ ಮೊಕದ್ದಮೆಯೊಂದರಲ್ಲಿ ಹೇಳಿದೆ.

4. ಭಾರತದ ದಾರಿ

ಭಾರತದ ಸಂವಿಧಾನದ 19ನೆಯ ವಿಧಿಯೂ ಮಾತಿನ ಸ್ವಾತಂತ್ರ್ಯವನ್ನು ಕೊಡುತ್ತದೆ. ಸ್ವಾರಸ್ಯವೆಂದರೆ ಭಾರತಕ್ಕೂ ಒಂದು 'ಮೊದಲನೆಯ ತಿದ್ದುಪಡಿ' ಇದೆ. ಅಮೆರಿಕದ ಮೊದಲನೆಯ ತಿದ್ದುಪಡಿ ಸರ್ಕಾರದ ಕೈ ಕಟ್ಟಿದರೆ, 1951ರ ಭಾರತದ ಮೊದಲನೆಯ ತಿದ್ದುಪಡಿ ಸಾರ್ವಜನಿಕ ಶಾಂತಿಯ ಸಲುವಾಗಿ ಮಾತಿನ ಮೇಲೆ ಸಮಂಜಸವಾದ ನಿರ್ಬಂಧ ಹಾಕಲು ಸರ್ಕಾರಕ್ಕೆ ಅವಕಾಶ ಕೊಟ್ಟಿತು. ವಿಭಜನೆಯ ರಕ್ತಪಾತವನ್ನು ಆಗ ತಾನೇ ಕಂಡಿದ್ದ ದೇಶ ಅದು ಎಂಬುದನ್ನು ಮರೆಯಬಾರದು.

ಇದಕ್ಕೂ ಮೊದಲು, 1927ರಲ್ಲಿ, ಬ್ರಿಟಿಷ್ ಸರ್ಕಾರ ದಂಡ ಸಂಹಿತೆಗೆ 295-ಎ ಕಲಮನ್ನು ಸೇರಿಸಿತ್ತು. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಒಂದು ವರ್ಗದ ಧರ್ಮವನ್ನು ಅವಮಾನಿಸುವುದು ಅಪರಾಧ ಎಂದು ಆ ಕಲಮು ಹೇಳುತ್ತದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿದೆ. ದುರುದ್ದೇಶವಿಲ್ಲದೆ, ಅಜಾಗರೂಕತೆಯಿಂದ ಆದ ಅವಮಾನ ಈ ಕಲಮಿನ ಕೆಳಗೆ ಬರುವುದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟು 1957ರಲ್ಲಿಯೇ ಸ್ಪಷ್ಟಪಡಿಸಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ನಮಗೆ ನೋವಾಯಿತು ಎಂಬುದಷ್ಟೇ ಸಾಲದು, ಬರೆದವರ ಉದ್ದೇಶವನ್ನೂ ನೋಡಬೇಕು.

5. ಎರಡು ಭಾನುವಾರಗಳು

ಕರ್ನಾಟಕದ ಪತ್ರಿಕಾ ಇತಿಹಾಸದ ಎರಡು ಭಾನುವಾರಗಳನ್ನು ನಾವು ಮರೆಯುವಂತಿಲ್ಲ.

ಮೊದಲನೆಯದು 1986ರ ಡಿಸೆಂಬರ್ 7. ಬೆಂಗಳೂರಿನ 'ಡೆಕ್ಕನ್ ಹೆರಾಲ್ಡ್' ತನ್ನ ಭಾನುವಾರದ ಪುರವಣಿಯಲ್ಲಿ ಮಲಯಾಳಂ ಕಥೆಯೊಂದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಕಥೆ ಬುದ್ಧಿ ಬೆಳೆಯದ ಒಬ್ಬ ಹುಡುಗನದು. ಅವನ ಹೆಸರು ಮಹಮ್ಮದ್. ಶೀರ್ಷಿಕೆಯಲ್ಲಿ ಆ ಹೆಸರಿನ ಪಕ್ಕದಲ್ಲಿಯೇ ಪೆದ್ದ ಎಂಬ ಅರ್ಥದ ಪದವಿತ್ತು. ಕಥೆ ಪ್ರವಾದಿಯವರನ್ನು ಕುರಿತದ್ದಲ್ಲ. ಆದರೆ ಶೀರ್ಷಿಕೆಯನ್ನು ಮಾತ್ರ ನೋಡಿದವರಿಗೆ ಹಾಗೆ ತೋರುವಂತಿತ್ತು. ಗಲಭೆ ಎದ್ದಿತು, ಪೊಲೀಸರು ಗುಂಡು ಹಾರಿಸಿದರು, ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪತ್ರಿಕೆ ಕ್ಷಮೆ ಕೇಳಿತು. ಹೋದ ಪ್ರಾಣಗಳು ಮರಳಿ ಬರಲಿಲ್ಲ.

ಎರಡನೆಯದು 2010ರ ಫೆಬ್ರವರಿ 28. 'ಕನ್ನಡಪ್ರಭ' ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬುರ್ಖಾ ಕುರಿತ ಲೇಖನವೊಂದರ ಕನ್ನಡ ಅನುವಾದ ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನ್ ಅವರ ಹೆಸರಿನಲ್ಲಿ ಬಂತು. ಮರುದಿನ ಶಿವಮೊಗ್ಗ, ಹಾಸನಗಳಲ್ಲಿ ಹಿಂಸಾಚಾರ ನಡೆದು ಇಬ್ಬರು ಸತ್ತರು. ತಾವು ಕರ್ನಾಟಕದ ಯಾವ ಪತ್ರಿಕೆಗೂ ಬರೆದಿಲ್ಲ, ತಮ್ಮ ಬರಹವನ್ನು ತಿರುಚಲಾಗಿದೆ ಎಂದು ಲೇಖಕಿ ಹೇಳಿಕೆ ಕೊಟ್ಟರು.

ಎರಡೂ ಪ್ರಸಂಗಗಳಲ್ಲಿ ಇದ್ದದ್ದು ಅನುವಾದ. ಒಂದು ಭಾಷೆಯಲ್ಲಿ, ಒಂದು ಸಂದರ್ಭದಲ್ಲಿ ಹುಟ್ಟಿದ ಬರಹ ಇನ್ನೊಂದು ಭಾಷೆಗೆ, ಇನ್ನೊಂದು ಓದುಗ ವರ್ಗಕ್ಕೆ ಬಂದಾಗ ಅರ್ಥದ ಜೊತೆಗೆ ತೂಕವೂ ಬದಲಾಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಸಂಪಾದಕರು ಶೀರ್ಷಿಕೆಯ ಒಂದು ಪದವನ್ನು ಬದಲಿಸಿದ್ದರೆ ಕಥೆಗೆ ಏನೂ ನಷ್ಟವಾಗುತ್ತಿರಲಿಲ್ಲ. ಇದು ಪತ್ರಿಕೆಯ ಹೊಣೆ. ಆದರೆ ಕಲ್ಲು ತೂರಿದ ಕೈಯ ಹೊಣೆ ಕಲ್ಲು ತೂರಿದವರದೇ. ಒಂದು ಹೊಣೆ ಇನ್ನೊಂದನ್ನು ಅಳಿಸುವುದಿಲ್ಲ.

6. ಒಂದು ಅಂಕಿತದ ಪ್ರಶ್ನೆ

ವಿವಾದ ಯಾವಾಗಲೂ ಎರಡು ಧರ್ಮಗಳ ನಡುವೆ ಬರುತ್ತದೆ ಎಂದುಕೊಳ್ಳಬಾರದು. ಬಸವಣ್ಣನವರ ವಚನಗಳ ಅಂಕಿತ 'ಕೂಡಲಸಂಗಮದೇವ' ಎಂದು ನಾವು ತರಗತಿಯಲ್ಲಿ ಓದುತ್ತೇವೆ. ಮಾತೆ ಮಹಾದೇವಿಯವರು ತಮ್ಮ 'ಬಸವ ವಚನ ದೀಪ್ತಿ' ಗ್ರಂಥದಲ್ಲಿ ಅದರ ಬದಲು 'ಲಿಂಗದೇವ' ಎಂದು ಅಚ್ಚು ಹಾಕಿಸಿದರು. ಭಕ್ತರಿಗೆ ನೋವಾಯಿತೆಂದು ಕರ್ನಾಟಕ ಸರ್ಕಾರ 1998ರಲ್ಲಿ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿ ಹಿಡಿಯಿತು. ಬಸವಣ್ಣನವರ ಕುಟುಂಬದ ಚಿತ್ರಣವಿದ್ದ ಪಿ. ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯ ಮೇಲಿನ ನಿಷೇಧವೂ 2007ರಲ್ಲಿ ಅದೇ ಕೋರ್ಟಿನಲ್ಲಿ ಉಳಿಯಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಬೇಕು. ಕವಿಯ ಅಂಕಿತವನ್ನು ಬದಲಿಸುವುದು ಸರಿಯಲ್ಲ. ಅದು ಬೇರೆಯವರ ಪತ್ರದ ಕೆಳಗಿನ ರುಜುವನ್ನು ಬದಲಿಸಿದಂತೆ. ಆದರೆ ತಪ್ಪು ಪಾಠವುಳ್ಳ ಪುಸ್ತಕಕ್ಕೆ ಸರಿಯಾದ ಪಾಠವುಳ್ಳ ಪುಸ್ತಕವೇ ಉತ್ತರ. ಸರಿಯಾದ ವಚನ ಸಂಪುಟಗಳು ನಮ್ಮಲ್ಲಿ ಇರುವಾಗ ಮುಟ್ಟುಗೋಲಿನಿಂದ ಬಸವಣ್ಣನವರ ಗೌರವ ಹೆಚ್ಚಿತೆಂದು ನಾವು ಹೇಳಲಾರೆವು. ಇದನ್ನು ಒಪ್ಪದ ಪೋಷಕರು ನಮ್ಮಲ್ಲಿ ಇದ್ದಾರೆ. ಅವರ ವಾದಕ್ಕೂ ಬಲವಿದೆ: ಅಂಕಿತ ಭಕ್ತರಿಗೆ ಬರಿಯ ರುಜುವಲ್ಲ, ಆರಾಧ್ಯ ದೈವದ ಹೆಸರು.

ಆದರೆ ಒಂದು ವಿಷಯದಲ್ಲಿ ಎರಡು ಅಭಿಪ್ರಾಯ ಇರಬಾರದು. ವಚನಗಳ ಸಂಶೋಧನೆಗೆ ಜೀವನ ಮುಡಿಪಿಟ್ಟ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಅವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಅವರ ಮಾತನ್ನು ಒಪ್ಪಬಹುದು, ಬಿಡಬಹುದು. ಗುಂಡು ಯಾವ ವಾದಕ್ಕೂ ಉತ್ತರವಲ್ಲ.

7. ನಮಗೆ ನೋವಾದಾಗ

"ಹಾಗಾದರೆ ಸುಮ್ಮನಿರಬೇಕೆ?" ಎಂದು ಮಕ್ಕಳು ಕೇಳುತ್ತಾರೆ. ಸುಮ್ಮನಿರಬೇಕಾಗಿಲ್ಲ. 2003ರಲ್ಲಿ ಇಲ್ಲಿನ ಬಟ್ಟೆ ಕಂಪನಿಯೊಂದು ಗಣೇಶನ ಚಿತ್ರವಿದ್ದ ಚಪ್ಪಲಿಗಳನ್ನು ಮಾರಾಟಕ್ಕೆ ಇಟ್ಟಿತು. ಅದನ್ನು ತಡೆಯುವ ಕಾನೂನು ಅಮೆರಿಕದಲ್ಲಿ ಇಲ್ಲ. ಹಿಂದೂಗಳು ಪ್ರತಿಭಟಿಸಿ ತಮ್ಮ ಆಕ್ಷೇಪ ತಿಳಿಸಿದರು, ಕಂಪನಿ ಚಪ್ಪಲಿಗಳನ್ನು ಹಿಂತೆಗೆದುಕೊಂಡಿತು. ಕಾನೂನು ಮಾಡದ ಕೆಲಸವನ್ನು ಮಾತು ಮಾಡಿತು.

2007ರ ಜುಲೈ 12ರಂದು ವಾಷಿಂಗ್ಟನ್‌ನ ಸೆನೆಟ್ ಸಭೆ ಮೊದಲ ಬಾರಿಗೆ ಹಿಂದೂ ಪ್ರಾರ್ಥನೆಯಿಂದ ಆರಂಭವಾಯಿತು. ರಾಜನ್ ಝೆಡ್ ಅವರು ಪ್ರಾರ್ಥಿಸುತ್ತಿದ್ದಾಗ ಮೂವರು ಕೂಗಾಡಿ ಅಡ್ಡಿಪಡಿಸಿದರು. ಪೊಲೀಸರು ಅವರನ್ನು ಬಂಧಿಸಿದ್ದು ಅವರ ಅಭಿಪ್ರಾಯಕ್ಕಾಗಿ ಅಲ್ಲ, ಸಭೆಗೆ ಅಡ್ಡಿಪಡಿಸಿದ್ದಕ್ಕಾಗಿ. ಅದೇ ಮಾತನ್ನು ಅವರು ಬೀದಿಯಲ್ಲಿ ನಿಂತು ಹೇಳಬಹುದಿತ್ತು. ಮಾತಾಡುವ ಹಕ್ಕು ಬೇರೆ, ಇನ್ನೊಬ್ಬರ ಬಾಯಿ ಮುಚ್ಚಿಸುವುದು ಬೇರೆ.

ಪೋಷಕರಿಗೂ ಒಂದು ವಿನಂತಿ. ಹಿಂದೆ ಪತ್ರಿಕೆಗೆ ಒಬ್ಬ ಸಂಪಾದಕರಿದ್ದರು. ಇಂದು ವಾಟ್ಸ್ಆ್ಯಪ್ ಇರುವ ಪ್ರತಿಯೊಬ್ಬರೂ ಸಂಪಾದಕರೇ. ಊರಿನಿಂದ ಬಂದ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಮೂಲ ಬರಹವನ್ನು ಓದಿದ್ದೇವೆಯೇ? ಇದು ವಿಚಾರದ ಮೇಲಿನ ಮಾತೇ, ಜನರ ಮೇಲಿನ ಮಾತೇ? ನಮ್ಮ ನೆರೆಮನೆಯ ಬೇರೆ ಧರ್ಮದವರ ಮುಂದೆ ಇದನ್ನು ಗಟ್ಟಿಯಾಗಿ ಓದಬಲ್ಲೆವೆ? ಮಕ್ಕಳು ನಮ್ಮ ಉಪದೇಶವನ್ನು ಕೇಳದಿರಬಹುದು, ನಮ್ಮ ಫೋನನ್ನಂತೂ ನೋಡುತ್ತಲೇ ಇರುತ್ತಾರೆ.

ಪದಗಳ ಅರ್ಥ

ಅಂಕಿತ – ವಚನ ಅಥವಾ ಕೀರ್ತನೆಯಲ್ಲಿ ಬರುವ ಕವಿಯ ಗುರುತಿನ ಹೆಸರು
ಡಾಂಭಿಕ – ತೋರಿಕೆಗಾಗಿ ಮಾಡುವ
ಮುಟ್ಟುಗೋಲು – ಸರ್ಕಾರ ವಶಪಡಿಸಿಕೊಳ್ಳುವುದು
ಕಲಮು – ಕಾನೂನಿನ ಒಂದು ಭಾಗ
ಪುರವಣಿ – ಪತ್ರಿಕೆಯ ಜೊತೆಗೆ ಬರುವ ಹೆಚ್ಚುವರಿ ಪುಟಗಳು

ಅಭ್ಯಾಸ

1. ಪ್ರಶ್ನೆ, ವಿಮರ್ಶೆ, ನಿಂದೆ, ಬೆದರಿಕೆ: ಒಂದೊಂದಕ್ಕೂ ನಿಮ್ಮದೇ ಒಂದು ವಾಕ್ಯ ಬರೆಯಿರಿ.
2. ಅಮೆರಿಕದ ಮತ್ತು ಭಾರತದ 'ಮೊದಲನೆಯ ತಿದ್ದುಪಡಿ'ಗಳಿಗೆ ಇರುವ ವ್ಯತ್ಯಾಸವೇನು?
3. ನೀವು 1986ರಲ್ಲಿ ಆ ಪುರವಣಿಯ ಸಂಪಾದಕರಾಗಿದ್ದರೆ ಕಥೆಗೆ ಯಾವ ಶೀರ್ಷಿಕೆ ಕೊಡುತ್ತಿದ್ದಿರಿ? ಕಾರಣ ಬರೆಯಿರಿ.
4. ಅಂಕಿತ ಬದಲಿಸಿದ ಪುಸ್ತಕವನ್ನು ಮುಟ್ಟುಗೋಲು ಹಾಕಿದ್ದು ಸರಿಯೇ? ಮನೆಯಲ್ಲಿ ಚರ್ಚಿಸಿ, ನಿಮ್ಮ ಅಭಿಪ್ರಾಯವನ್ನೂ ಅದಕ್ಕೆ ವಿರುದ್ಧವಾದ ಅಭಿಪ್ರಾಯವನ್ನೂ ಐದೈದು ವಾಕ್ಯಗಳಲ್ಲಿ ಬರೆಯಿರಿ.
5. ನಿಮ್ಮ ನಂಬಿಕೆಯನ್ನು ಹೀಯಾಳಿಸಿದ ಲೇಖನವೊಂದು ಪತ್ರಿಕೆಯಲ್ಲಿ ಬಂದಿದೆ ಎಂದು ಭಾವಿಸಿ, ಒಂದು ನಿಂದೆಯ ಪದವನ್ನೂ ಬಳಸದೆ ಸಂಪಾದಕರಿಗೆ ಕನ್ನಡದಲ್ಲಿ ಪತ್ರ ಬರೆಯಿರಿ.