ಮೇವು ಕೊಯ್ಯಲು ಪೆಟ್ರೋಲ್ ಯಂತ್ರವೇ ಬೇಕೆ?



ಬೆಳಗಿನ ಹಾಲು ಡೈರಿಗೆ ಹಾಕಿ, ಏನೋ ಕೆಲಸಕ್ಕೆಂದು ಸಂಜಯನಗರದ ಕಡೆ ಹೋದವರು ಅಲ್ಲಿನ ಪಾರ್ಕುಗಳಲ್ಲಿ, ಅಪಾರ್ಟ್‌ಮೆಂಟುಗಳ ಮುಂದೆ ಪೆಟ್ರೋಲ್ ಯಂತ್ರದಲ್ಲಿ ಹುಲ್ಲು ಕತ್ತರಿಸುವುದನ್ನು ನೋಡಿರುತ್ತೀರಿ. ಹುಲ್ಲುಹಾಸಿನ ಮೇಲೆ ತಳ್ಳಿಕೊಂಡು ಹೋಗುವುದು ಒಂದು ಬಗೆ. ಹೆಗಲಿಗೆ ಪಟ್ಟಿ ಹಾಕಿ, ಉದ್ದನೆಯ ಕೋಲಿನ ತುದಿಯಲ್ಲಿ ಬ್ಲೇಡ್ ತಿರುಗಿಸುವುದು ಇನ್ನೊಂದು ಬಗೆ. ಇದಕ್ಕೇ ಬ್ರಷ್ ಕಟರ್ ಎನ್ನುತ್ತಾರೆ. ಗೆದ್ದಲಹಳ್ಳಿ, ಭೂಪಸಂದ್ರ, ನಾಗಶೆಟ್ಟಿಹಳ್ಳಿ ಇವೆಲ್ಲ ಒಂದು ಕಾಲಕ್ಕೆ ಹೊಲ, ಕೆರೆ, ದನಕರು ಇದ್ದ ಊರುಗಳೇ. ಈಗ ಅಲ್ಲಿ ಹುಲ್ಲು ಬೆಳೆಸುವುದು ನೋಟಕ್ಕೆ, ನಾವು ಬೆಳೆಸುವುದು ರಾಸುಗಳ ಹೊಟ್ಟೆಗೆ.

ಆ ಯಂತ್ರ ನೋಡಿದಾಗ ಮನಸ್ಸಿಗೆ ಬರುವ ಮಾತು ಒಂದೇ: “ಅವನು ಅರ್ಧ ಗಂಟೆಯಲ್ಲಿ ಇಷ್ಟೊಂದು ಕತ್ತರಿಸುತ್ತಾನೆ, ನಾನು ಮಾತ್ರ ದಿನಾ ಬಗ್ಗಿ ಕುಡುಗೋಲು ಹಿಡಿಯಬೇಕೆ?” ನ್ಯಾಯವಾದ ಪ್ರಶ್ನೆ. ಸೊಂಟ ನಿಮ್ಮದು, ಹೊತ್ತೂ ನಿಮ್ಮದು. ಯಂತ್ರ ಬೇಡ ಎಂದು ಹೇಳಲು ಈ ಪಾಠ ಬರೆಯುತ್ತಿಲ್ಲ. ಯಾವ ಯಂತ್ರ, ಯಾವ ಕೆಲಸಕ್ಕೆ, ಅದನ್ನು ನಡೆಸುವವರು ಯಾರು ಎಂಬುದನ್ನು ಹಣ ಕೊಡುವ ಮೊದಲು ತೂಗಿ ನೋಡೋಣ.

ಮೇವಿನ ಕೆಲಸ ಒಂದಲ್ಲ, ಮೂರು

ಎರಡು ಮಿಶ್ರತಳಿ ಹಸುಗಳಿರುವ ಮನೆಯನ್ನೇ ತೆಗೆದುಕೊಳ್ಳಿ. ಒಂದು ಹಸುವಿಗೆ ದಿನಕ್ಕೆ ಸುಮಾರು 25 ಕೆ.ಜಿ. ಹಸಿ ಮೇವು, 5 ಕೆ.ಜಿ. ಒಣ ಮೇವು ಎಂದರೆ ಎರಡಕ್ಕೆ 50 ಕೆ.ಜಿ. ಹಸಿ ಮೇವು ದಿನವೂ ಬೇಕು. ಇದರಲ್ಲಿ ಮೂರು ಕೆಲಸ ಅಡಗಿದೆ.

1. ಹೊಲದಲ್ಲಿ ಕೊಯ್ದು ಕಂತೆ ಕಟ್ಟುವುದು.
2. ಹೊರೆ ಹೊತ್ತು ಕೊಟ್ಟಿಗೆಗೆ ತರುವುದು.
3. ತುಂಡು ಮಾಡಿ ಗೋದಲಿಗೆ ಹಾಕುವುದು.

ಬ್ರಷ್ ಕಟರ್ ಮಾಡುವುದು ಮೊದಲನೆಯ ಕೆಲಸವನ್ನು ಮಾತ್ರ, ಅದರಲ್ಲೂ ಅರ್ಧ. ಕುಡುಗೋಲಿನಲ್ಲಿ ಕೊಯ್ಯುವಾಗ ಒಂದು ಕೈ ಕೊಯ್ಯುತ್ತದೆ, ಇನ್ನೊಂದು ಕೈ ಹಿಡಿದು ಕಂತೆ ಮಾಡುತ್ತದೆ. ಯಂತ್ರ ಕತ್ತರಿಸಿದ ಮೇವು ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ. ಅದನ್ನು ಬಗ್ಗಿ ಆಯುವವರು ಮತ್ತೆ ನೀವೇ. ಮಳೆಗಾಲದಲ್ಲಾದರೆ ಮಣ್ಣೂ ಮೆತ್ತಿರುತ್ತದೆ. ಪಾರ್ಕಿನವರಿಗೆ ಈ ಚಿಂತೆಯಿಲ್ಲ, ಅವರಿಗೆ ಕತ್ತರಿಸಿದ ಹುಲ್ಲು ಕಸ.

ಆದ್ದರಿಂದ ಮೊದಲು ಒಂದು ವಾರ ಮೂರೂ ಕೆಲಸಕ್ಕೆ ಎಷ್ಟೆಷ್ಟು ಹೊತ್ತು ಹಿಡಿಯುತ್ತದೆಂದು ಬರೆದಿಡಿ. ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟವಾದರೂ ಸಾಕು. ಹೆಚ್ಚು ಹೊತ್ತು ತಿನ್ನುವ ಕೆಲಸಕ್ಕೇ ಯಂತ್ರ ಬರಬೇಕು.

ಪೆಟ್ರೋಲ್ ಯಂತ್ರದ ತೊಂದರೆ ಎಲ್ಲಿದೆ?

ಖರ್ಚು: ದಿನಕ್ಕೆ ಅರ್ಧ ಗಂಟೆ ಓಡಿಸಿ 300 ಮಿ.ಲೀ. ಪೆಟ್ರೋಲ್ ಸುಟ್ಟಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ 9 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ 900 ರೂಪಾಯಿ. ಎರಡು ಸ್ಟ್ರೋಕಿನ ಎಂಜಿನ್ ಆದರೆ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್, ಜೊತೆಗೆ ಪ್ಲಗ್, ಕಾರ್ಬ್ಯುರೇಟರ್ ರಿಪೇರಿ ಬೇರೆ. ಒಂದು ಲೀಟರ್ ಪೆಟ್ರೋಲ್ ಎಂದರೆ ನೀವು ಸಂಘಕ್ಕೆ ಹಾಕುವ ಸುಮಾರು ಮೂರು ಲೀಟರ್ ಹಾಲು. ಹಾಗಾದರೆ ತಿಂಗಳಿಗೆ 27 ಲೀಟರ್ ಹಾಲು ಆ ಟ್ಯಾಂಕಿಗೆ ಹೋಯಿತು.

ಹೊಗೆ: ಎಂಜಿನ್ ಸಣ್ಣದು, ಹೊಗೆ ಸಣ್ಣದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿ ಲೆಕ್ಕ ಹಾಕಿರುವಂತೆ, ಹುಲ್ಲುಹಾಸಿನ ಪೆಟ್ರೋಲ್ ಯಂತ್ರವನ್ನು ಒಂದು ಗಂಟೆ ಓಡಿಸಿದರೆ ಒಂದು ಕಾರು ಸುಮಾರು 480 ಕಿ.ಮೀ. ಓಡಿದಷ್ಟು ಮಾಲಿನ್ಯವಾಗುತ್ತದೆ. ಆ ರಾಜ್ಯ 2021ರಲ್ಲೇ ಕಾನೂನು ಮಾಡಿ, 2024ರ ಮಾದರಿಯಿಂದ ಇಂಥ ಹೊಸ ಸಣ್ಣ ಎಂಜಿನ್‌ಗಳು ಹೊಗೆಯನ್ನೇ ಬಿಡಬಾರದೆಂದು ನಿಯಮ ತಂದಿತು. ಕಾರಿನ ಹೊಗೆ ರಸ್ತೆಗೆ ಹೋಗುತ್ತದೆ. ಬ್ರಷ್ ಕಟರಿನ ಎಂಜಿನ್ ಇರುವುದು ನಿಮ್ಮ ಬೆನ್ನ ಹಿಂದೆ, ಮೂಗಿಗೆ ಒಂದು ಮಾರು ದೂರದಲ್ಲಿ.

ಹಾಲು: ಹಾಲು ಸುತ್ತಲಿನ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಮುಟ್ಟಿದ ಕೈಯಲ್ಲಿ ಕೆಚ್ಚಲು ಮುಟ್ಟಿದರೆ, ಕ್ಯಾನಿನ ಪಕ್ಕದಲ್ಲಿ ಪೆಟ್ರೋಲ್ ಡಬ್ಬಿ ಇಟ್ಟರೆ ಹಾಲಿಗೆ ಆ ವಾಸನೆ ಬರುತ್ತದೆ. ಡೈರಿಯಲ್ಲಿ ಹಾಲು ವಾಪಸಾದರೆ ನಷ್ಟ ನಿಮಗೇ.

ಎಲ್ಲಕ್ಕಿಂತ ಮುಖ್ಯವಾದದ್ದು: ಯಂತ್ರವನ್ನು ಶುರು ಮಾಡುವವರು ಯಾರು? ಪೆಟ್ರೋಲ್ ಯಂತ್ರಕ್ಕೆ ಹಗ್ಗ ಎಳೆಯಬೇಕು, ತೂಕ ಹೆಗಲಿಗೆ ಬೀಳುತ್ತದೆ, ಕೈ ನಡುಗುತ್ತದೆ. ಎಷ್ಟೋ ಮನೆಗಳಲ್ಲಿ ಮೇವು ಕೊಯ್ಯುವುದು ಹೆಂಗಸರು, ಯಂತ್ರ ಚಾಲೂ ಮಾಡುವುದು ಗಂಡಸರು. ಯಜಮಾನರು ಕೆಲಸಕ್ಕೆ ಹೋದ ದಿನ ಯಂತ್ರ ಮೂಲೆಯಲ್ಲಿ, ನಿಮ್ಮ ಕೈಯಲ್ಲಿ ಮತ್ತೆ ಅದೇ ಹಳೆಯ ಕುಡುಗೋಲು. ಅಂಥ ಯಂತ್ರ ಮನೆಗೆ ಬಂದರೂ ನಿಮಗೆ ಬಂದಂತಾಗಲಿಲ್ಲ.

ಪೆಟ್ರೋಲ್ ಬಿಟ್ಟರೆ ಏನೇನಿದೆ?

ಒಳ್ಳೆಯ ಕುಡುಗೋಲು: ನಗಬೇಡಿ, ಇದೂ ಆಯ್ಕೆಯೇ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ‘ನವೀನ್’ ಎಂಬ ಹಲ್ಲಿನ ಕುಡುಗೋಲು ರೂಪಿಸಿದೆ. ತೂಕ ಕಾಲು ಕೆ.ಜಿ.ಗಿಂತ ಕಡಿಮೆ. ಹಿಡಿ ಬಾಗಿರುವುದರಿಂದ ಬೆರಳ ಗೆಣ್ಣು ನೆಲಕ್ಕೆ ಉಜ್ಜುವುದಿಲ್ಲ. ಒಂದೆರಡು ರಾಸುಗಳ ಮನೆಗೆ ಕೊಯ್ಯುವ ಕೆಲಸಕ್ಕೆ ಹಗುರವಾದ, ಹರಿತವಾದ ಕುಡುಗೋಲು ಇದ್ದರೆ ಬ್ರಷ್ ಕಟರ್ ಬೇಕೆನಿಸದೇ ಇರಬಹುದು.

ವಿದ್ಯುತ್ ಮೇವು ಕತ್ತರಿಸುವ ಯಂತ್ರ (ಚಾಫ್ ಕಟರ್): ಇದು ಮೂರನೆಯ ಕೆಲಸಕ್ಕೆ. ಸೀಮೆಹುಲ್ಲನ್ನು ಇಡಿಯಾಗಿ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ, ತುಳಿಯುತ್ತದೆ. ತುಂಡು ಮಾಡಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. ಹಾಳಾಗುವ ಮೇವು ಕಡಿಮೆಯಾದರೆ ನಾಳೆ ಕೊಯ್ಯಬೇಕಾದ ಹೊರೆಯೂ, ಹೊರಬೇಕಾದ ಭಾರವೂ ಇಳಿಯುತ್ತದೆ. ಕೊಟ್ಟಿಗೆಯಲ್ಲಿರುವ ಯಂತ್ರ ಹೊಲದ ಕೆಲಸವನ್ನೂ ಇಳಿಸುವುದು ಹೀಗೆ.

ಕರೆಂಟಿನ ಲೆಕ್ಕ: 2 ಎಚ್.ಪಿ. ಮೋಟಾರು ಎಂದರೆ ಸುಮಾರು 1.5 ಕಿಲೋವ್ಯಾಟ್. ದಿನಕ್ಕೆ ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್, ತಿಂಗಳಿಗೆ 22-23 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 160 ರೂಪಾಯಿ ಸುತ್ತಮುತ್ತ. ಆದರೆ ಒಂದು ಎಚ್ಚರ: ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಮೋಟಾರು ಹಾಕಿಸುವ ಮೊದಲು ಮೂರು ತಿಂಗಳ ಬಿಲ್ಲು ತೆಗೆದು ನೋಡಿ.

ತುಂಡು ಎಷ್ಟುದ್ದ ಇರಬೇಕು? ಒಂದರಿಂದ ಒಂದೂವರೆ ಅಂಗುಲ ಸಾಕು. ಹಿಟ್ಟಿನಂತೆ ನುಣ್ಣಗೆ ಮಾಡಿದರೆ ಹಸು ಮೆಲುಕು ಹಾಕುವುದು ಕಡಿಮೆಯಾಗಿ ಹಾಲಿನ ಜಿಡ್ಡು ಇಳಿಯುತ್ತದೆ.

ಬ್ಯಾಟರಿ ಬ್ರಷ್ ಕಟರ್: ಹೊಗೆ ಇಲ್ಲ, ಹಗ್ಗ ಎಳೆಯುವಂತಿಲ್ಲ, ಗುಂಡಿ ಒತ್ತಿದರೆ ತಿರುಗುತ್ತದೆ. ರಾಸುಗಳು ಹೆಚ್ಚಿರುವವರಿಗೆ, ಬದುವಿನ ಹುಲ್ಲು ಹೆಚ್ಚಾಗಿ ಕೊಯ್ಯುವವರಿಗೆ ಉಪಯೋಗ. ಆದರೆ ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ವೋಲ್ಟನ್ನೂ ಆಂಪಿಯರ್-ಅವರ್ ಅನ್ನೂ ಗುಣಿಸಿ: 36 ವೋಲ್ಟ್, 5 ಆಂಪಿಯರ್-ಅವರ್ ಆದರೆ 180 ವ್ಯಾಟ್-ಅವರ್. ಮೋಟಾರು 540 ವ್ಯಾಟ್ ಎಳೆದರೆ 180ನ್ನು 540ರಿಂದ ಭಾಗಿಸಿ, ಗಂಟೆಯ ಮೂರನೇ ಒಂದು ಭಾಗ, ಅಂದರೆ 20 ನಿಮಿಷ. ನಿಮ್ಮ ಕೆಲಸಕ್ಕೆ 40 ನಿಮಿಷ ಬೇಕಾದರೆ ಎರಡು ಬ್ಯಾಟರಿ ಬೇಕು. ಬ್ಯಾಟರಿ ಹೋದಾಗ ಹೊಸದರ ಬೆಲೆ ಎಷ್ಟು, ಸರ್ವಿಸ್ ಎಲ್ಲಿ ಸಿಗುತ್ತದೆ ಎಂಬುದನ್ನು ಕೊಳ್ಳುವ ದಿನವೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಉದ್ದ ವೈರಿನ ಕರೆಂಟ್ ಬ್ರಷ್ ಕಟರ್ ಅಗ್ಗಕ್ಕೆ ಸಿಗಬಹುದು. ಇಬ್ಬನಿ ಬಿದ್ದ ಮೇವಿನಲ್ಲಿ ವೈರ್ ಎಳೆದಾಡುವುದು, ಅದರ ಮೇಲೇ ಬ್ಲೇಡ್ ಹಾಯುವುದು ಜೀವಕ್ಕೆ ಅಪಾಯ. ಹೊಲಕ್ಕೆ ಅದು ಬೇಡ.

ಕೈ ಉಳಿಸಿಕೊಳ್ಳಿ

ಚಾಫ್ ಕಟರ್ ಬೆರಳು ತೆಗೆಯುವ ಯಂತ್ರ. ಕೊಳ್ಳುವಾಗ ಇಷ್ಟು ನೋಡಿ:

- ಮೇವು ಇಡುವ ತೊಟ್ಟಿ ಉದ್ದವಾಗಿ, ಮೇಲ್ಭಾಗ ಮುಚ್ಚಿರಬೇಕು. ಕೈ ಚಾಚಿದರೂ ರೋಲರ್ ಎಟುಕಬಾರದು.
- ಮೇವು ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸುವ ಗೇರ್ ಇರಬೇಕು. ಕೈ ಹಾಕಿ ಎಳೆಯುವ ಪ್ರಸಂಗವೇ ಬರಬಾರದು.
- ಬೆಲ್ಟಿಗೂ ಚಕ್ರಕ್ಕೂ ಕವಚ ಇರಬೇಕು. ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಬೀಗ ಹಾಕುವ ಏರ್ಪಾಡು ಇರಬೇಕು. ಮಕ್ಕಳು ಆಟಕ್ಕೆ ತಿರುಗಿಸುತ್ತಾರೆ.
- ಅರ್ಥ್ ವೈರ್ ಮತ್ತು ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ. ಕೊಟ್ಟಿಗೆಯ ನೆಲ ಯಾವಾಗಲೂ ಒದ್ದೆ.

ಸೆರಗು ಸಿಕ್ಕಿಸಿ, ಜಡೆ ಮೇಲಕ್ಕೆ ಕಟ್ಟಿ, ಸಡಿಲವಾದ ಬಳೆ ತೆಗೆದಿಟ್ಟೇ ಯಂತ್ರದ ಮುಂದೆ ನಿಲ್ಲಿ. ಬ್ರಷ್ ಕಟರ್ ಬಳಸುವವರು ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಹಾಕಬೇಕು. ಕಲ್ಲು ಸಿಡಿಯುವುದರಿಂದ 15 ಮೀಟರ್ ಒಳಗೆ ಯಾರೂ ಇರಬಾರದು. ರಾಸುಗಳ ಮೇವಿಗೆ ನೈಲಾನ್ ದಾರದ ತಲೆ ಹಾಕಬೇಡಿ. ದಾರ ಸವೆದು ತುಂಡು ತುಂಡಾಗಿ ಮೇವಿನಲ್ಲೇ ಉಳಿಯುತ್ತದೆ.

ಪಾರ್ಕಿನ ಹುಲ್ಲು ತರಬಹುದೆ?

ನಗರದ ಅಂಚಿನ ಅಕ್ಕಂದಿರು ಕೇಳುವ ಪ್ರಶ್ನೆ ಇದು. ಪಾರ್ಕಿನ ಯಂತ್ರ ಕತ್ತರಿಸಿದ ಹುಲ್ಲು ಪುಕ್ಕಟೆ ಸಿಗುತ್ತದೆ ನಿಜ. ಆದರೆ ಅದು ಪುಡಿಪುಡಿಯಾಗಿ, ರಾಶಿ ಹಾಕಿದ ಕೆಲವೇ ಗಂಟೆಗಳಲ್ಲಿ ಬಿಸಿಯಾಗಿ ಹುಳಿಯುತ್ತದೆ. ಪ್ಲಾಸ್ಟಿಕ್, ಗಾಜು, ತಂತಿಯ ಚೂರು ಅದರಲ್ಲಿ ಸೇರಿದ್ದರೆ ಕಣ್ಣಿಗೆ ಕಾಣುವುದಿಲ್ಲ. ತಂತಿಯ ಚೂರು ಹಸುವಿನ ಹೊಟ್ಟೆಯಿಂದ ಎದೆಗೂಡಿಗೆ ಚುಚ್ಚಿ ಪ್ರಾಣ ತೆಗೆಯಬಹುದು. ಪಾರ್ಕಿನಲ್ಲಿ ಬೆಳೆಸುವ ಕಣಗಲೆಯ ಎಲೆ ಒಣಗಿದ್ದರೂ ವಿಷ. ಔಷಧಿ ಸಿಂಪಡಿಸಿದ್ದಾರೋ ಇಲ್ಲವೋ ನಿಮಗೆ ತಿಳಿಯದು. ಯಂತ್ರದಿಂದ ಬಂದ ಪಾರ್ಕಿನ ಹುಲ್ಲು ಗೋದಲಿಗೆ ಬೇಡ.

ಕೊಳ್ಳುವ ಮೊದಲು

ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಯಲ್ಲಿ ಮಹಿಳಾ ರೈತರಿಗೆ, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಅನೇಕ ಯಂತ್ರಗಳ ಮೇಲೆ ಶೇ. 50ರವರೆಗೆ, ಇತರರಿಗೆ ಶೇ. 40ರವರೆಗೆ ಸಹಾಯಧನ ಉಂಟು. ಅರ್ಜಿಗೆ ಪಹಣಿ, ಫ್ರೂಟ್ಸ್ ನೋಂದಣಿ ಸಂಖ್ಯೆ ಕೇಳುತ್ತಾರೆ. ಪಹಣಿ ಯಜಮಾನರ ಹೆಸರಲ್ಲೋ ಮಾವನವರ ಹೆಸರಲ್ಲೋ ಇದ್ದರೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಲು ಏನು ದಾರಿ ಎಂದು ರೈತ ಸಂಪರ್ಕ ಕೇಂದ್ರದಲ್ಲೂ ಪಶು ಆಸ್ಪತ್ರೆಯಲ್ಲೂ ನೀವೇ ಹೋಗಿ ಕೇಳಿ. ದುಡಿಯುವವರು ನೀವು, ಯಂತ್ರದ ಬಿಲ್ಲಿನಲ್ಲೂ ನಿಮ್ಮ ಹೆಸರಿರಲಿ. ಮೊದಲು ಅರ್ಜಿ, ಮಂಜೂರಾದ ಮೇಲೆ ಖರೀದಿ. ಕೊಂಡ ಮೇಲೆ ಕೇಳಿದರೆ ಕೈತಪ್ಪುತ್ತದೆ.

ಯಂತ್ರವನ್ನು ಮುಟ್ಟಿ ನೋಡದೆ ಕೊಳ್ಳಬೇಡಿ. ಸಂಜಯನಗರದಿಂದ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೋದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಅಲ್ಲಿ ನವೆಂಬರ್ ಸುಮಾರಿಗೆ ನಡೆಯುವ ಕೃಷಿ ಮೇಳದಲ್ಲಿ ಹತ್ತಾರು ಕಂಪನಿಗಳ ಯಂತ್ರಗಳು ಒಂದೇ ಕಡೆ ಇರುತ್ತವೆ. ಸಂಘದಿಂದ ನಾಲ್ಕೈದು ಜನ ಒಟ್ಟಿಗೆ ಹೋಗಿ. ಮಾರುವವರು ಓಡಿಸಿ ತೋರಿಸಿದರೆ ಸಾಲದು, “ಕೊಡಿ, ನಾನು ಶುರು ಮಾಡುತ್ತೇನೆ” ಎನ್ನಿ. ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಲ್ಲಿ. ಆಗ ಗೊತ್ತಾಗುತ್ತದೆ.

ಬ್ರಷ್ ಕಟರ್ ದಿನವೂ ಬೇಕಾಗದಿದ್ದರೆ ಸಂಘದ ಐದಾರು ಮನೆಗಳು ಸೇರಿ ಬ್ಯಾಟರಿಯದೊಂದು ಕೊಂಡು ಸರದಿಯಲ್ಲಿ ಬಳಸಬಹುದು. ಚಾಫ್ ಕಟರ್ ಮಾತ್ರ ಅವರವರ ಕೊಟ್ಟಿಗೆಯಲ್ಲೇ ಇರಲಿ, ಅದು ದಿನದ ಕೆಲಸ.

ಪಾಠದ ಸಾರ

ಒಂದೆರಡು ರಾಸುಗಳಿದ್ದರೆ: ಒಳ್ಳೆಯ ಕುಡುಗೋಲು, ಸಣ್ಣ ಚಾಫ್ ಕಟರ್.
ನಾಲ್ಕೈದು ರಾಸು, ಬದುವಿನ ಹುಲ್ಲು ಹೆಚ್ಚು ಇದ್ದರೆ: ಇದರ ಜೊತೆಗೆ ಬ್ಯಾಟರಿ ಬ್ರಷ್ ಕಟರ್, ಸಾಧ್ಯವಾದರೆ ಪಾಲಿನಲ್ಲಿ.
ಕರೆಂಟು ನಂಬುವಂತಿಲ್ಲದ ಕಡೆ: ಕೈಯಿಂದ ತಿರುಗಿಸುವ ಚಾಫ್ ಕಟರ್.

ಮನೆಯಲ್ಲಿ ಮಾಡಿ ನೋಡಿ

1. ಕೊಯ್ಯಲು, ಹೊರಲು, ತುಂಡು ಮಾಡಲು ಈ ವಾರ ನಿಮಗೆ ಎಷ್ಟೆಷ್ಟು ಹೊತ್ತು ಹಿಡಿಯಿತು?
2. ಗೋದಲಿಯಲ್ಲಿ ದಿನಕ್ಕೆ ಎಷ್ಟು ಕೆ.ಜಿ. ದಂಟು ಉಳಿಯುತ್ತದೆ? ತೂಕ ಮಾಡಿ.
3. ನೀವು ನೋಡಿರುವ ಯಂತ್ರವನ್ನು ಮನೆಯಲ್ಲಿ ಯಾರೂ ಇಲ್ಲದ ದಿನ ನೀವೊಬ್ಬರೇ ಶುರು ಮಾಡಬಲ್ಲಿರಾ?

ಮೂರನೆಯದಕ್ಕೆ ಉತ್ತರ “ಇಲ್ಲ” ಎಂದಾದರೆ, ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಆ ಯಂತ್ರ ನಿಮಗಲ್ಲ. ಉತ್ತರಗಳನ್ನು ಬರೆದುಕೊಂಡು ಮುಂದಿನ ಸಂಘದ ಸಭೆಗೆ ತನ್ನಿ. ಎಲ್ಲರ ಲೆಕ್ಕ ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ಊರಿಗೆ ಯಾವ ಯಂತ್ರ ಸರಿ ಎಂಬುದನ್ನು ನೀವೇ ತೀರ್ಮಾನಿಸಬಹುದು.