ಹಂದಿಯ ಇನ್ಸುಲಿನ್ ನಮಗೇಕೆ ಒಗ್ಗಿತು?

1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಕ್ಕರೆ ಕಾಯಿಲೆಯಿಂದ ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನಿಗೆ ಇನ್ಸುಲಿನ್ ಕೊಡಲಾಯಿತು. ಆತ ಚೇತರಿಸಿಕೊಂಡ. ಆ ಇನ್ಸುಲಿನ್ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. 1982ರಲ್ಲಿ ಮಾನವ ಇನ್ಸುಲಿನ್ ಬಳಕೆಗೆ ಬರುವವರೆಗೆ ರೋಗಿಗಳನ್ನು ಕಾಪಾಡಿದ್ದು ದನ ಮತ್ತು ಹಂದಿಯ ಇನ್ಸುಲಿನ್ನೇ. ಪ್ರಾಣಿಯ ಇನ್ಸುಲಿನ್ ಮನುಷ್ಯನಿಗೆ ಹೇಗೆ ಒಗ್ಗಿತು?

ಇನ್ಸುಲಿನ್ ಒಂದು ಪ್ರೋಟೀನ್. ಅಮೈನೋ ಆಮ್ಲಗಳೆಂಬ 51 ಮಣಿಗಳನ್ನು ಎರಡು ಸರಗಳಾಗಿ ಪೋಣಿಸಿದಂತೆ ಅದರ ರಚನೆ. ನಮ್ಮ ಇನ್ಸುಲಿನ್‌ಗೂ ಹಂದಿಯದಕ್ಕೂ ಇರುವ ವ್ಯತ್ಯಾಸ ಒಂದೇ ಮಣಿಯದು. ಹಸುವಿನದಕ್ಕೂ ನಮ್ಮದಕ್ಕೂ ಮೂರು ಮಣಿಗಳದು. ಕೋಳಿ, ಮೀನುಗಳ ಇನ್ಸುಲಿನ್‌ನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಆದರೂ ಎಲ್ಲದರಲ್ಲಿಯೂ ಸಿಸ್ಟೀನ್ ಎಂಬ ಆರು ಮಣಿಗಳು ತಮ್ಮ ಜಾಗ ಬಿಟ್ಟು ಕದಲಿಲ್ಲ.

ಬದಲಾಗದ್ದೇ ಮುಖ್ಯವಾದದ್ದು

ವಂಶವಾಹಿಗಳಲ್ಲಿ ಆಗಾಗ ಬದಲಾವಣೆಗಳು ಆಗುತ್ತಲೇ ಇರುತ್ತವೆ. ಬದಲಾವಣೆ ಮುಖ್ಯವಲ್ಲದ ಜಾಗದಲ್ಲಾದರೆ ಜೀವಿಗೆ ತೊಂದರೆಯಿಲ್ಲ; ಅದು ಮರಿಗಳಿಗೂ ಹೋಗುತ್ತದೆ. ಮುಖ್ಯ ಜಾಗದಲ್ಲಾದರೆ ಪ್ರೋಟೀನ್ ಕೆಡುತ್ತದೆ, ಅಂಥ ಜೀವಿಯ ವಂಶ ಮುಂದುವರಿಯುವುದು ಕಷ್ಟ. ಆದ್ದರಿಂದ ಕೋಟ್ಯಂತರ ವರ್ಷ ಕಳೆದರೂ ಬದಲಾಗದೆ ಉಳಿದ ಜಾಗದಲ್ಲಿ ಮಹತ್ವದ ಕೆಲಸವಿದೆ ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಬೀಗದ ಕೈಯ ಹಿಡಿ ಹೇಗಿದ್ದರೂ ನಡೆಯುತ್ತದೆ. ಹಲ್ಲು ಬದಲಾದರೆ ಬೀಗ ತೆರೆಯದು.

ಆ ಆರು ಸಿಸ್ಟೀನ್‌ಗಳು ಎರಡೆರಡಾಗಿ ಸೇರಿ ಗಂಧಕದ ಮೂರು ಕೊಂಡಿಗಳನ್ನು ಹಾಕುತ್ತವೆ. ಇನ್ಸುಲಿನ್ ತನ್ನ ಆಕಾರದಲ್ಲಿ ನಿಲ್ಲುವುದು ಈ ಕೊಂಡಿಗಳಿಂದ. ಇದಕ್ಕೆ ವಿರುದ್ಧವಾದದ್ದು ಸಿ-ಪೆಪ್ಟೈಡ್. ಇನ್ಸುಲಿನ್ ತಯಾರಾಗುವಾಗ ಎರಡು ಸರಗಳ ನಡುವೆ ಇದ್ದು, ಕೊನೆಗೆ ಕತ್ತರಿಸಿ ಬೇರ್ಪಡುವ ತುಂಡು ಇದು. ಪ್ರಾಣಿಯಿಂದ ಪ್ರಾಣಿಗೆ ಇದು ಬಹಳಷ್ಟು ಬದಲಾಗಿದೆ.

ನಿಮಗೇಕೆ ಈ ವಿಷಯ?

ಕೆಲವು ಶಿಶುಗಳಲ್ಲಿ ಈ ಸಿಸ್ಟೀನ್‌ಗಳಲ್ಲಿ ಒಂದು ಬದಲಾಗಿರುತ್ತದೆ. ಕೊಂಡಿ ತಪ್ಪಿ, ಇನ್ಸುಲಿನ್ ಸರಿಯಾಗಿ ಮಡಚಿಕೊಳ್ಳದೆ, ಅದನ್ನು ತಯಾರಿಸುವ ಜೀವಕೋಶಗಳೇ ಹಾಳಾಗುತ್ತವೆ. ಮಗುವಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ ಕಾಣಿಸಿಕೊಳ್ಳುತ್ತದೆ.

ಆರು ತಿಂಗಳೊಳಗಿನ ಮಗುವಿಗೆ ಮಧುಮೇಹ ಬಂದರೆ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ತಪ್ಪದೆ ಕೇಳಿ. ದೋಷ ಇನ್ಸುಲಿನ್ ವಂಶವಾಹಿಯಲ್ಲಿದ್ದರೆ ಸಾಮಾನ್ಯವಾಗಿ ಚುಚ್ಚುಮದ್ದೇ ಬೇಕು. ಬೇರೆ ಕೆಲವು ವಂಶವಾಹಿಗಳಲ್ಲಿದ್ದರೆ ಅನೇಕ ಮಕ್ಕಳಿಗೆ ಮಾತ್ರೆಯೇ ಸಾಕಾಗುತ್ತದೆ. ಆದರೆ ವೈದ್ಯರು ಹೇಳುವವರೆಗೆ ಇನ್ಸುಲಿನ್ ನಿಲ್ಲಿಸಬೇಡಿ.

ಪರೀಕ್ಷೆಯ ವರದಿಯಲ್ಲಿ 'ಬದಲಾವಣೆ ಇದೆ' ಎಂದಿದ್ದ ಮಾತ್ರಕ್ಕೆ ಗಾಬರಿಪಡಬೇಕಿಲ್ಲ. ಎಲ್ಲ ಬದಲಾವಣೆಯೂ ರೋಗವಲ್ಲ. ಆ ಜಾಗ ಇತರ ಪ್ರಾಣಿಗಳಲ್ಲಿಯೂ ಹಾಗೆಯೇ ಉಳಿದಿದೆಯೇ ಎಂದು ತಜ್ಞರು ಹೋಲಿಸಿ ನೋಡುತ್ತಾರೆ. ಅದೂ ಒಂದು ಸುಳಿವು ಮಾತ್ರ, ತೀರ್ಪಲ್ಲ. ಮಗುವಿನ ಲಕ್ಷಣ, ತಂದೆತಾಯಿಯ ಪರೀಕ್ಷೆ, ಮನೆತನದ ಆರೋಗ್ಯದ ವಿವರ ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ನಿರ್ಧಾರ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು ಎಂಬುದನ್ನು ಬರೆದುಕೊಂಡು ಹೋಗಿ.